ಎಲೆನ್ ಫೇರ್‌ಕ್ಲಫ್: ಕೆನಡಾದ ವಲಸೆ ನಿಯಮ ಬದಲಿಸಿದ ಸಚಿವೆ

ಕೆನಡಾದ ಒಕ್ಕೂಟ ಸಂಪುಟದಲ್ಲಿ ಸ್ಥಾನ ಪಡೆದ ಮೊದಲ ಮಹಿಳೆ ಎಲೆನ್ ಫೇರ್‌ಕ್ಲಫ್. 1957ರ ಜೂನ್ 21ರಂದು ಅವರು ಪ್ರಮಾಣವಚನ ಸ್ವೀಕರಿಸಿದರು. ಅವರನ್ನು ಸಾಮಾನ್ಯವಾಗಿ ನೆನೆಯುವುದು ಈ ಒಂದು ಕಾರಣಕ್ಕೆ. ಆದರೆ ಅವರ ಬದುಕಿನ ಅದಕ್ಕಿಂತ ದೊಡ್ಡ ಕೆಲಸ ನಡೆದದ್ದು ಐದು ವರ್ಷಗಳ ನಂತರ, 1962ರಲ್ಲಿ. ಯಾವ ಜನಾಂಗದವರು, ಯಾವ ಬಣ್ಣದವರು ಎಂದು ನೋಡಿ ವಲಸಿಗರನ್ನು ಆರಿಸುವ ಪದ್ಧತಿಯನ್ನು ಕೈಬಿಟ್ಟು, ಓದು ಮತ್ತು ಕೆಲಸದ ಅರ್ಹತೆಯನ್ನು ನೋಡುವ ನಿಯಮಗಳನ್ನು ಅವರು ಆ ವರ್ಷ ಸಂಸತ್ತಿನ ಮುಂದಿಟ್ಟರು. ಭಾರತದಿಂದ, ಅದರಲ್ಲೂ ಕರ್ನಾಟಕದಿಂದ ಹೋಗಿ ಕೆನಡಾದಲ್ಲಿ ನೆಲೆಸಿದ ಎಂಜಿನಿಯರುಗಳು, ವೈದ್ಯರು, ಪ್ರಾಧ್ಯಾಪಕರ ಕಥೆ ಶುರುವಾಗುವುದೂ ಅಲ್ಲಿಂದಲೇ.

ಕೆನಡಾ ನಮ್ಮಂತೆಯೇ ಒಕ್ಕೂಟ ವ್ಯವಸ್ಥೆಯ ದೇಶ. ಪ್ರಾಂತ್ಯಗಳಿಗೆ ಅವುಗಳದೇ ಶಾಸನಸಭೆ, ಅವುಗಳದೇ ಮುಖ್ಯಮಂತ್ರಿ ಇದ್ದಾರೆ. ಅಲ್ಲಿ ಅವರನ್ನು ಪ್ರೀಮಿಯರ್ ಎನ್ನುತ್ತಾರೆ. ಕೇಂದ್ರ ಸರ್ಕಾರ ಇರುವುದು ಒಟ್ಟಾವದಲ್ಲಿ. ಯಾರಿಗೆ ಯಾವ ಅಧಿಕಾರ ಎಂಬುದನ್ನು 1867ರ ಸಂವಿಧಾನ ಶಾಸನ ಹಂಚಿಕೊಟ್ಟಿದೆ. ವಲಸೆಯ ವಿಷಯದಲ್ಲಿ ಕೇಂದ್ರ ಮತ್ತು ಪ್ರಾಂತ್ಯ ಎರಡೂ ಕಾನೂನು ಮಾಡಬಹುದು, ಆದರೆ ಘರ್ಷಣೆ ಬಂದಾಗ ಕೇಂದ್ರದ ಕಾನೂನೇ ಊರ್ಜಿತ. ಮೂಲನಿವಾಸಿಗಳ ವಿಷಯವಂತೂ ಪೂರ್ತಿಯಾಗಿ ಕೇಂದ್ರದ್ದು. ಹಾಗಾಗಿ ಒಟ್ಟಾವದಲ್ಲಿ ವಲಸೆ ಖಾತೆ ಹಿಡಿದವರ ಕೈಯಲ್ಲಿ ದೇಶದ ಜನಸಮುದಾಯ ಮುಂದೆ ಹೇಗಿರಬೇಕು ಎಂದು ತೀರ್ಮಾನಿಸುವ ಬಲವೇ ಇರುತ್ತದೆ.

ಎಲೆನ್ ಹುಟ್ಟಿದ್ದು 1905ರ ಜನವರಿ 28ರಂದು, ಒಂಟಾರಿಯೊ ಪ್ರಾಂತ್ಯದ ಹ್ಯಾಮಿಲ್ಟನ್‌ನಲ್ಲಿ. ತವರಿನ ಹೆಸರು ಕುಕ್. ಒಂಟಾರಿಯೊ ಸರೋವರದ ಪಶ್ಚಿಮ ತುದಿಯಲ್ಲಿರುವ ಹ್ಯಾಮಿಲ್ಟನ್ ಉಕ್ಕಿನ ಕಾರ್ಖಾನೆಗಳ ಊರು, ದುಡಿಯುವ ಜನರ ಊರು. ಮನೆಯಲ್ಲಿ ಅನುಕೂಲವಿರಲಿಲ್ಲ. ಹದಿಹರೆಯದಲ್ಲೇ ಶಾಲೆ ಬಿಟ್ಟು ಕಚೇರಿ ಕೆಲಸಕ್ಕೆ ಸೇರಿದ ಎಲೆನ್, ಲೆಕ್ಕ ಬರೆಯುವುದನ್ನು ಕಲಿತರು, ದುಡಿಯುತ್ತಲೇ ಓದಿ ಅಕೌಂಟೆಂಟ್ ಆದರು. 1931ರಲ್ಲಿ ಗಾರ್ಡನ್ ಫೇರ್‌ಕ್ಲಫ್ ಅವರನ್ನು ಮದುವೆಯಾದರು. ಗಾರ್ಡನ್ ಮುದ್ರಣ ವ್ಯವಹಾರದವರು. ದಂಪತಿಗೆ ಒಬ್ಬನೇ ಮಗ. 1935ರಲ್ಲಿ, ಮಹಾ ಆರ್ಥಿಕ ಕುಸಿತದ ಹೊಡೆತ ಇನ್ನೂ ಮಾಯದ ದಿನಗಳಲ್ಲಿ, ಎಲೆನ್ ತಮ್ಮದೇ ಲೆಕ್ಕಪತ್ರ ಸಂಸ್ಥೆ ತೆರೆದರು. ಹೆಣ್ಣುಮಗಳೊಬ್ಬಳು ಊರಿನ ವ್ಯಾಪಾರಿಗಳ ಖಾತೆ ಪುಸ್ತಕ ಪರಿಶೀಲಿಸುವುದು ಆಗ ಅಪರೂಪದ ಸಂಗತಿ. ಅಂಕಿಅಂಶಗಳನ್ನು ಮುಂದಿಟ್ಟುಕೊಂಡು ಮಾತಾಡುವ ಅಭ್ಯಾಸ ಅವರಿಗೆ ಈ ವೃತ್ತಿಯಿಂದ ಬಂತು, ರಾಜಕೀಯದಲ್ಲೂ ಅದು ಅವರನ್ನು ಬಿಡಲಿಲ್ಲ.

ರಾಜಕೀಯದ ಮೊದಲ ಮೆಟ್ಟಿಲು ನಗರಸಭೆ. 1945ರ ಕೊನೆಯಲ್ಲಿ ಹ್ಯಾಮಿಲ್ಟನ್ ನಗರಸಭೆಗೆ ನಿಂತು ಬೆರಳೆಣಿಕೆಯ ಮತಗಳಲ್ಲಿ ಸೋತರು. ಮರುವರ್ಷವೇ ಸ್ಥಾನವೊಂದು ತೆರವಾಗಿ ಒಳಗೆ ಬಂದರು. ಮುಂದಿನ ನಾಲ್ಕು ವರ್ಷ ರಸ್ತೆ, ಚರಂಡಿ, ಮನೆ ತೆರಿಗೆ, ನಗರದ ಆಯವ್ಯಯ ಇವೇ ಅವರ ಪಾಠಶಾಲೆ. 1949ರಲ್ಲಿ ಪ್ರೊಗ್ರೆಸಿವ್ ಕನ್ಸರ್ವೇಟಿವ್ ಪಕ್ಷದಿಂದ ಹ್ಯಾಮಿಲ್ಟನ್ ವೆಸ್ಟ್ ಕ್ಷೇತ್ರದಲ್ಲಿ ಸಂಸತ್ತಿಗೆ ಸ್ಪರ್ಧಿಸಿದಾಗ ಎದುರಾಳಿಯಾಗಿದ್ದವರು ಲಿಬರಲ್ ಸರ್ಕಾರದ ಸಚಿವ ಕಾಲಿನ್ ಗಿಬ್ಸನ್. ಫೇರ್‌ಕ್ಲಫ್ ಸೋತರು. ಆದರೆ ಮರುವರ್ಷ ಗಿಬ್ಸನ್ ನ್ಯಾಯಾಧೀಶರಾಗಿ ನೇಮಕಗೊಂಡು ಸ್ಥಾನ ತೆರವಾಯಿತು. 1950ರ ಮೇ 15ರ ಉಪಚುನಾವಣೆಯಲ್ಲಿ ಫೇರ್‌ಕ್ಲಫ್ ಗೆದ್ದು ಒಟ್ಟಾವಕ್ಕೆ ಹೋದರು.

ಕೆನಡಾದ ಕೆಳಮನೆಗೆ ಆಯ್ಕೆಯಾದ ಆರನೆಯ ಮಹಿಳೆ ಅವರು. ಅವರು ಕಾಲಿಟ್ಟಾಗ ಸದನದಲ್ಲಿದ್ದ ಹೆಣ್ಣು ಸದಸ್ಯೆ ಅವರೊಬ್ಬರೇ. 1953ರ ಚುನಾವಣೆಯವರೆಗೂ ಹಾಗೆಯೇ ಇತ್ತು. ಅಲ್ಲಿನ ಮಹಿಳೆಯರಿಗೆ ರಾಷ್ಟ್ರಮಟ್ಟದ ಮತದಾನದ ಹಕ್ಕು ಸಿಕ್ಕಿದ್ದು 1918ರಲ್ಲಿ, ಮೊದಲ ಸಂಸದೆ ಆಗ್ನೆಸ್ ಮೆಕ್‌ಫೇಲ್ ಗೆದ್ದದ್ದು 1921ರಲ್ಲಿ. ಮೂವತ್ತು ವರ್ಷಗಳ ನಂತರವೂ ಸ್ಥಿತಿ ಇಷ್ಟೇ ಸುಧಾರಿಸಿತ್ತು. ಇನ್ನೊಂದು ಸಂಗತಿ ಆ ಕಾಲವನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳು ಮದುವೆಯಾದರೆ ಕಾಯಂ ಹುದ್ದೆ ಬಿಡಬೇಕಿತ್ತು. ಆ ನಿರ್ಬಂಧ ಹೋದದ್ದು 1955ರಲ್ಲಿ. ಗಂಡ ಮತ್ತು ಮಗನಿದ್ದ ಮಹಿಳೆ ಸಂಸತ್ತಿನಲ್ಲಿ ಕೂತು ಕಾನೂನು ಚರ್ಚಿಸುತ್ತಿದ್ದಾಗ, ಅದೇ ಸರ್ಕಾರದ ಗುಮಾಸ್ತೆಗೆ ಮದುವೆಯೇ ಅನರ್ಹತೆಯಾಗಿತ್ತು.

ವಿರೋಧ ಪಕ್ಷದಲ್ಲಿದ್ದ ಏಳು ವರ್ಷ ಫೇರ್‌ಕ್ಲಫ್ ಹೆಚ್ಚು ಮಾತಾಡಿದ್ದು ಕಾರ್ಮಿಕರ ವಿಷಯದಲ್ಲಿ. ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ಖಾಸಗಿ ಮಸೂದೆಯನ್ನು ಮತ್ತೆ ಮತ್ತೆ ತಂದರು. ಅವರದೇ ಒಂಟಾರಿಯೊ ಪ್ರಾಂತ್ಯ 1951ರಲ್ಲಿ ಅಂಥ ಕಾನೂನು ಮಾಡಿದ್ದು ಅವರ ವಾದಕ್ಕೆ ಬಲ ಕೊಟ್ಟಿತು. ಖಾಸಗಿ ಮಸೂದೆಗಳು ಅಂಗೀಕಾರವಾಗುವುದು ಎಲ್ಲ ಸಂಸತ್ತುಗಳಲ್ಲೂ ವಿರಳ. ಅವುಗಳ ಉಪಯೋಗ ಬೇರೆ: ಸರ್ಕಾರ ತಪ್ಪಿಸಿಕೊಳ್ಳಲಾಗದಂತೆ ಒಂದು ಪ್ರಶ್ನೆಯನ್ನು ಜೀವಂತ ಇಡುವುದು. ಕೊನೆಗೆ 1956ರಲ್ಲಿ ಲಿಬರಲ್ ಸರ್ಕಾರವೇ ಸಮಾನ ವೇತನದ ಮಸೂದೆ ತಂದಿತು. ಬ್ಯಾಂಕು, ರೈಲು, ವಿಮಾನಯಾನದಂಥ ಕೇಂದ್ರದ ಹತೋಟಿಯ ಉದ್ಯಮಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. ಕಾರ್ಮಿಕ ಇಲಾಖೆಯಲ್ಲಿ ಮಹಿಳೆಯರಿಗಾಗಿ ಪ್ರತ್ಯೇಕ ವಿಭಾಗ ಬೇಕೆಂದು ಅವರು ಒತ್ತಾಯಿಸಿದ್ದರು. 1954ರಲ್ಲಿ ಅದೂ ಆಯಿತು.

1957ರ ಜೂನ್ 10ರ ಚುನಾವಣೆ ಕೆನಡಾದ ರಾಜಕೀಯವನ್ನು ತಲೆಕೆಳಗು ಮಾಡಿತು. ಇಪ್ಪತ್ತೆರಡು ವರ್ಷ ಆಳಿದ ಲಿಬರಲ್ ಪಕ್ಷ ಸೋತು, ಜಾನ್ ಡೀಫನ್‌ಬೇಕರ್ ನೇತೃತ್ವದ ಕನ್ಸರ್ವೇಟಿವರು ಅಲ್ಪಮತದ ಸರ್ಕಾರ ರಚಿಸಿದರು. ಫೇರ್‌ಕ್ಲಫ್ ಸಂಪುಟಕ್ಕೆ ಬಂದರು. ಅವರಿಗೆ ಸಿಕ್ಕಿದ್ದು ಸೆಕ್ರೆಟರಿ ಆಫ್ ಸ್ಟೇಟ್ ಹುದ್ದೆ. ಅಮೆರಿಕದಲ್ಲಿ ಈ ಹೆಸರು ವಿದೇಶಾಂಗ ಖಾತೆಯದ್ದು. ಕೆನಡಾದಲ್ಲಿ ಆಗ ಅದು ಸರ್ಕಾರಿ ದಾಖಲೆ, ಶಿಷ್ಟಾಚಾರ ಮುಂತಾದವನ್ನು ನೋಡಿಕೊಳ್ಳುವ ಹಗುರ ಖಾತೆ. ಕಾರ್ಮಿಕ ವಿಷಯಗಳಲ್ಲಿ ಅಷ್ಟು ವರ್ಷ ಪಳಗಿದ್ದವರಿಗೆ ಕಾರ್ಮಿಕ ಖಾತೆ ಕೊಡದೆ ಹೋದದ್ದು ಸರಿಯಾದ ತೀರ್ಮಾನವಲ್ಲ. ಇಲ್ಲೊಂದು ಹೋಲಿಕೆ ನಮ್ಮ ಓದುಗರಿಗೆ ತಿಳಿದಿರಬೇಕು: ಸ್ವತಂತ್ರ ಭಾರತದ ಮೊದಲ ಸಂಪುಟದಲ್ಲೇ, 1947ರಲ್ಲಿ, ರಾಜಕುಮಾರಿ ಅಮೃತ್ ಕೌರ್ ಆರೋಗ್ಯ ಸಚಿವೆಯಾಗಿದ್ದರು. ಕೆನಡಾ ಈ ಹೆಜ್ಜೆ ಇಡಲು ಇನ್ನೂ ಹತ್ತು ವರ್ಷ ಬೇಕಾಯಿತು.

1958ರ ಫೆಬ್ರವರಿ 19 ಮತ್ತು 20ರಂದು, ಪ್ರಧಾನಿ ರಾಜಧಾನಿಯಲ್ಲಿ ಇಲ್ಲದಾಗ, ಫೇರ್‌ಕ್ಲಫ್ ಹಂಗಾಮಿ ಪ್ರಧಾನಿಯಾಗಿದ್ದರು. ಆ ಹೊಣೆ ಹೊತ್ತ ಮೊದಲ ಕೆನಡಾ ಮಹಿಳೆಯೂ ಅವರೇ. ಮಾರ್ಚ್ 31ರ ಚುನಾವಣೆಯಲ್ಲಿ ಡೀಫನ್‌ಬೇಕರ್ 265ರಲ್ಲಿ 208 ಸ್ಥಾನ ಗೆದ್ದರು. ಮೇ ತಿಂಗಳಲ್ಲಿ ಫೇರ್‌ಕ್ಲಫ್ ಅವರಿಗೆ ಪೌರತ್ವ ಮತ್ತು ವಲಸೆ ಖಾತೆ ಬಂತು. ಇದು ಹಗುರ ಖಾತೆಯಲ್ಲ. ಇಡೀ ಸರ್ಕಾರದಲ್ಲಿ ಅತಿ ಹೆಚ್ಚು ದೂರು, ಶಿಫಾರಸು, ಕಣ್ಣೀರಿನ ಪತ್ರಗಳು ಬರುತ್ತಿದ್ದ ಖಾತೆಗಳಲ್ಲಿ ಒಂದು.

ಅವರ ಕೈಗೆ ಬಂದ ವಲಸೆ ವ್ಯವಸ್ಥೆ ಹೇಗಿತ್ತು ಎಂಬುದನ್ನು ಭಾರತೀಯರ ಅನುಭವದಿಂದಲೇ ನೋಡಬಹುದು. 1908ರಲ್ಲಿ ಕೆನಡಾ ಒಂದು ನಿಯಮ ಮಾಡಿತು: ಹುಟ್ಟಿದ ದೇಶದಿಂದ ನಡುವೆ ಎಲ್ಲೂ ನಿಲ್ಲದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ. ಭಾರತದಿಂದ ಅಂಥ ನೇರ ಹಡಗು ಸಿಗುತ್ತಿರಲಿಲ್ಲ. 1914ರಲ್ಲಿ ಕೊಮಗಾಟ ಮಾರು ಹಡಗಿನಲ್ಲಿ ವ್ಯಾಂಕೂವರ್ ತಲುಪಿದ 376 ಮಂದಿಯಲ್ಲಿ ಹೆಚ್ಚಿನವರನ್ನು ದಡಕ್ಕೆ ಇಳಿಯಲು ಬಿಡದೆ ವಾಪಸು ಕಳಿಸಿದ್ದು ಇದೇ ನಿಯಮದ ಬಲದಿಂದ. ಚೀನೀಯರನ್ನು 1923ರ ಕಾನೂನು ಸರಿಸುಮಾರು ಪೂರ್ತಿಯಾಗಿ ಹೊರಗಿಟ್ಟಿತು. ಅದು ರದ್ದಾದದ್ದು 1947ರಲ್ಲಿ. ಭಾರತ ಸ್ವತಂತ್ರವಾಗಿ ಕಾಮನ್‌ವೆಲ್ತ್‌ನಲ್ಲಿ ಉಳಿದ ಮೇಲೆ, 1951ರಲ್ಲಿ ಒಂದು ಒಪ್ಪಂದವಾಯಿತು. ವರ್ಷಕ್ಕೆ ಭಾರತದಿಂದ 150, ಪಾಕಿಸ್ತಾನದಿಂದ 100, ಸಿಲೋನಿನಿಂದ 50 ಮಂದಿ. ಮುಂದೆ ಭಾರತದ ಪಾಲು 300ಕ್ಕೆ ಏರಿತು. ನಲವತ್ತು ಕೋಟಿಯಷ್ಟಿದ್ದ ಜನರಿಗೆ ವರ್ಷಕ್ಕೆ ಮುನ್ನೂರು ಅವಕಾಶ. 1952ರ ವಲಸೆ ಕಾಯ್ದೆಯಂತೂ ರಾಷ್ಟ್ರೀಯತೆ, ಜನಾಂಗ, ರೀತಿ ರಿವಾಜು, ಕೆನಡಾದ ಹವೆಗೆ ಒಗ್ಗದಿರುವುದು, ಇಂಥ ಯಾವುದೇ ಕಾರಣ ಕೊಟ್ಟು ಜನರನ್ನು ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು.

ಆರ್ಥಿಕ ಸ್ಥಿತಿಯೂ ಅನುಕೂಲವಾಗಿರಲಿಲ್ಲ. 1957ರಲ್ಲಿ ಹಂಗೇರಿಯ ನಿರಾಶ್ರಿತರೂ ಸೇರಿ 2,82,000ಕ್ಕೂ ಹೆಚ್ಚು ಜನ ಕೆನಡಾಕ್ಕೆ ಬಂದಿದ್ದರು. ಅದರ ಹಿಂದೆಯೇ ಆರ್ಥಿಕ ಹಿಂಜರಿತ ಬಂತು, ನಿರುದ್ಯೋಗ ಏರಿತು, ಸರ್ಕಾರ ವಲಸೆಗೆ ಕಡಿವಾಣ ಹಾಕಿತು. 1961ರ ಹೊತ್ತಿಗೆ ವರ್ಷಕ್ಕೆ ಬರುವವರ ಸಂಖ್ಯೆ 72,000ದ ಒಳಗೆ ಇಳಿಯಿತು. ಇಂಥ ಸಮಯದಲ್ಲಿ ಫೇರ್‌ಕ್ಲಫ್ ಒಂದು ದೊಡ್ಡ ಪೆಟ್ಟು ತಿಂದರು. ಇಟಲಿಯಿಂದ ಬಂದು ಟೊರಾಂಟೊ, ಹ್ಯಾಮಿಲ್ಟನ್‌ಗಳಲ್ಲಿ ಕಟ್ಟಡ ಕೆಲಸ, ಕಾರ್ಖಾನೆ ಕೆಲಸ ಮಾಡುತ್ತಿದ್ದವರು ತಮ್ಮ ಅಣ್ಣತಮ್ಮಂದಿರನ್ನು ಕರೆಸಿಕೊಳ್ಳುತ್ತಿದ್ದರು. ಆ ತಮ್ಮ ಹೆಂಡತಿ ಮಕ್ಕಳೊಡನೆ ಬಂದು, ಮುಂದೆ ತನ್ನ ಭಾವಮೈದುನನಿಗೆ ಪ್ರಾಯೋಜಕನಾಗುತ್ತಿದ್ದ. ಹೀಗೆ ಬೆಳೆದ ಅರ್ಜಿಗಳು ಇಲಾಖೆಯಲ್ಲಿ ಹತ್ತಾರು ಸಾವಿರ ಬಾಕಿ ಬಿದ್ದಿದ್ದವು. 1958ರಲ್ಲಿ ಬ್ರಿಟನ್ನಿಗಿಂತ ಇಟಲಿಯಿಂದ ಬಂದವರೇ ಹೆಚ್ಚಾದರು. ಅಧಿಕಾರಿಗಳ ಸಲಹೆಯಂತೆ 1959ರ ಮಾರ್ಚ್‌ನಲ್ಲಿ ಸರ್ಕಾರ ಸಂಪುಟದ ಆದೇಶದ ಮೂಲಕ, ಹತ್ತಿರದ ಸಂಬಂಧಿಕರನ್ನು ಬಿಟ್ಟು ಉಳಿದವರನ್ನು ಕರೆಸಿಕೊಳ್ಳುವ ಹಕ್ಕನ್ನು ಮೊಟಕುಗೊಳಿಸಿತು. ಅದರ ಹೊರೆ ಬಿದ್ದದ್ದು ಬಹುಪಾಲು ದಕ್ಷಿಣ ಯುರೋಪಿನವರ ಮೇಲೆ. ಇಟಾಲಿಯನ್ ಸಮುದಾಯ, ಚರ್ಚುಗಳು, ಪತ್ರಿಕೆಗಳು, ವಿರೋಧ ಪಕ್ಷ ಒಟ್ಟಾಗಿ ಮುಗಿಬಿದ್ದವು. ಕೆಲವೇ ವಾರಗಳಲ್ಲಿ, ಏಪ್ರಿಲ್‌ನಲ್ಲಿ, ಸಚಿವೆ ಆದೇಶ ಹಿಂತೆಗೆದುಕೊಳ್ಳಬೇಕಾಯಿತು.

ಈ ಸೋಲು ವ್ಯರ್ಥವಾಗಲಿಲ್ಲ. ಒಂದು ಸಮುದಾಯಕ್ಕೆ ಮಾತ್ರ ಬಾಗಿಲು ಕಿರಿದು ಮಾಡುವುದು ರಾಜಕೀಯವಾಗಿ ಅಸಾಧ್ಯ ಎಂದು ಇಲಾಖೆಗೆ ಮನದಟ್ಟಾಯಿತು. ಹಾಗಾದರೆ ಎಲ್ಲರಿಗೂ ಒಂದೇ ಅಳತೆಗೋಲು ಬೇಕು. ಅದು ರಕ್ತಸಂಬಂಧದ್ದಲ್ಲ, ಜನಾಂಗದ್ದಲ್ಲ, ಅರ್ಹತೆಯದ್ದಾಗಿರಬೇಕು. ಈ ವಿಚಾರ ಬಲಿಯಲು ಬೇರೆ ಕಾರಣಗಳೂ ಇದ್ದವು. ಡೀಫನ್‌ಬೇಕರ್ 1960ರ ಆಗಸ್ಟ್‌ನಲ್ಲಿ ಕೆನಡಾದ ಹಕ್ಕುಗಳ ಸನ್ನದನ್ನು ಕಾನೂನು ಮಾಡಿದ್ದರು. 1961ರಲ್ಲಿ ವರ್ಣಭೇದದ ದಕ್ಷಿಣ ಆಫ್ರಿಕಾ ಕಾಮನ್‌ವೆಲ್ತ್ ತೊರೆದಾಗ, ಅದರ ವಿರುದ್ಧ ಏಷ್ಯಾ ಮತ್ತು ಆಫ್ರಿಕಾದ ನಾಯಕರ ಜೊತೆ ನಿಂತ ಶ್ವೇತವರ್ಣೀಯ ಪ್ರಧಾನಿ ಅವರೇ. ಹೊರಗೆ ಸಮಾನತೆ ಮಾತಾಡಿ ತಮ್ಮದೇ ಬಂದರಿನಲ್ಲಿ ಬಣ್ಣ ನೋಡುವುದು ಇನ್ನು ನಡೆಯುವಂತಿರಲಿಲ್ಲ.

ನಡುವೆ ಮಾನವೀಯ ತೀರ್ಮಾನಗಳೂ ಆದವು. ಸುಳ್ಳು ಹೆಸರು, ಸುಳ್ಳು ಸಂಬಂಧ ಹೇಳಿ ಹಿಂದೆ ಬಂದಿದ್ದ ಚೀನೀಯರ ಮೇಲೆ 1960ರ ಮೇ ತಿಂಗಳಲ್ಲಿ ಪೊಲೀಸರು ದಾಳಿ ನಡೆಸಿದ್ದರು. ಮುಂದಿನ ತಿಂಗಳು ಸರ್ಕಾರ, ತಾವಾಗಿ ಮುಂದೆ ಬಂದು ನಿಜ ಹೇಳಿದವರನ್ನು ಗಡಿಪಾರು ಮಾಡುವುದಿಲ್ಲ ಎಂದು ಪ್ರಕಟಿಸಿತು. ಸಾವಿರಾರು ಕುಟುಂಬಗಳು ಆಮೇಲೆ ತಮ್ಮ ನಿಜವಾದ ಹೆಸರಿನಲ್ಲಿ ಬದುಕುವಂತಾಯಿತು. ವಿಶ್ವ ನಿರಾಶ್ರಿತರ ವರ್ಷದಲ್ಲಿ, 1959 ಮತ್ತು 60ರಲ್ಲಿ, ಯುರೋಪಿನ ಶಿಬಿರಗಳಲ್ಲಿ ಬಿದ್ದಿದ್ದ ಮುನ್ನೂರಕ್ಕೂ ಹೆಚ್ಚು ಕ್ಷಯರೋಗಿಗಳನ್ನು ಕುಟುಂಬಸಮೇತ ಕೆನಡಾ ಕರೆಸಿಕೊಂಡಿತು. ಕ್ಷಯ ಇದ್ದವರಿಗೆ ಪ್ರವೇಶವೇ ಇಲ್ಲ ಎಂಬ ನಿಯಮವನ್ನು ಅವರಿಗಾಗಿ ಸಡಿಲಿಸಲಾಯಿತು. ಸಂಖ್ಯೆ ಸಣ್ಣದು, ಆದರೆ ಬೇರೆ ಯಾರಿಗೂ ಬೇಡವಾಗಿದ್ದ ಜನ ಅವರು.

1962ರ ಜನವರಿ 19ರಂದು ಫೇರ್‌ಕ್ಲಫ್ ಹೊಸ ವಲಸೆ ನಿಯಮಗಳನ್ನು ಸದನದಲ್ಲಿ ಮಂಡಿಸಿದರು. ಫೆಬ್ರವರಿ 1ರಿಂದ ಅವು ಜಾರಿಗೆ ಬಂದವು. ಇಲಾಖೆಯಲ್ಲಿ ಇದರ ಹಿಂದೆ ಕೆಲಸ ಮಾಡಿದ ಹಿರಿಯ ಅಧಿಕಾರಿ ಜಾರ್ಜ್ ಡೇವಿಡ್‌ಸನ್. ಕಾಯ್ದೆಗೆ ತಿದ್ದುಪಡಿ ತರಲಿಲ್ಲ. ಹಳೆಯ ಕಾಯ್ದೆಯ ಕೆಳಗೇ ಹೊಸ ನಿಯಮ ಬರೆದರು. ಕಾಯ್ದೆ ಬದಲಿಸಬೇಕಾದರೆ ಎರಡೂ ಸದನಗಳ ಚರ್ಚೆ, ಮತದಾನ ಬೇಕು. ನಿಯಮಕ್ಕೆ ಸಂಪುಟದ ಆದೇಶ ಸಾಕು. ಮೊದಲ ವಿಧಿಯ ತಿರುಳು ಸರಳ: ಶಿಕ್ಷಣ, ತರಬೇತಿ, ಕೌಶಲ ಅಥವಾ ಬೇರೆ ವಿಶೇಷ ಅರ್ಹತೆಯಿಂದ ಕೆನಡಾದಲ್ಲಿ ನೆಲೆ ಕಂಡುಕೊಳ್ಳಬಲ್ಲ ಯಾರೇ ಆಗಲಿ, ಯಾವ ದೇಶದವರೇ ಆಗಲಿ, ಅರ್ಜಿ ಹಾಕಬಹುದು. ಬ್ರಿಟನ್, ಫ್ರಾನ್ಸ್, ಅಮೆರಿಕದವರಿಗೆ ಮೊದಲ ಮಣೆ ಎಂಬ ಸಾಲು ಹೋಯಿತು. ಬಿಳಿಯರ ದೇಶವಾಗಿಯೇ ಉಳಿಯಬೇಕೆಂದು ಅರ್ಧ ಶತಮಾನ ನಡೆಸಿದ್ದ ನೀತಿಯನ್ನು ಬಿಡುವ ತೀರ್ಮಾನಕ್ಕೆ ಬೇಕಾದದ್ದು ಕೆಲವೇ ಪುಟಗಳ ಕಾಗದ. ಆಸ್ಟ್ರೇಲಿಯದ ಬಿಳಿಯರ ನೀತಿ ಇನ್ನೂ ಒಂದು ದಶಕ ಮುಂದುವರಿಯಿತು. ಅಮೆರಿಕ ತನ್ನ ರಾಷ್ಟ್ರವಾರು ಕೋಟಾ ತೆಗೆದದ್ದು 1965ರಲ್ಲಿ.

ನಿಯಮದಲ್ಲಿ ಒಂದು ಕೊರತೆ ಉಳಿಯಿತು, ಅದನ್ನು ಮರೆಮಾಚಬಾರದು. ದೂರದ ಸಂಬಂಧಿಕರನ್ನು ಕರೆಸಿಕೊಳ್ಳುವ ಹಕ್ಕು ಯುರೋಪು, ಅಮೆರಿಕ ಖಂಡಗಳು ಮತ್ತು ಪಶ್ಚಿಮ ಏಷ್ಯಾದ ಕೆಲವು ದೇಶಗಳವರಿಗೆ ಮಾತ್ರ ಇತ್ತು. ಭಾರತದಿಂದ ಹೋದವರು ಅರ್ಹತೆಯ ಮೇಲೆ ತಾವು ಹೋಗಬಹುದಿತ್ತು, ಹತ್ತಿರದ ಕುಟುಂಬವನ್ನು ಕರೆಸಿಕೊಳ್ಳಬಹುದಿತ್ತು. ಇಟಲಿಯವನಂತೆ ಅಣ್ಣನ ಮಗನನ್ನು, ಭಾವಮೈದುನನನ್ನು ಕರೆಸುವಂತಿರಲಿಲ್ಲ. ಕೆನಡಾದ ವಲಸೆ ಕಚೇರಿಗಳೂ ಬಹುಪಾಲು ಯುರೋಪಿನಲ್ಲೇ ಇದ್ದವು. ಅರ್ಹತೆಯನ್ನು ಅಳೆಯುವುದು ಸ್ಥಳದ ಅಧಿಕಾರಿಯ ವಿವೇಚನೆಗೆ ಬಿಟ್ಟಿತ್ತು. 1967ರ ಅಕ್ಟೋಬರ್ 1ರಿಂದ ಅಂಕ ಪದ್ಧತಿ ಬಂತು. ಶಿಕ್ಷಣ, ಕೌಶಲ, ವಯಸ್ಸು, ಭಾಷೆ ಮುಂತಾದವಕ್ಕೆ ಅಂಕ ಕೊಟ್ಟು, ನೂರಕ್ಕೆ ಐವತ್ತು ಬಂದವರು ತೇರ್ಗಡೆ. ಉಳಿದಿದ್ದ ಭೇದ ಆಗ ಹೋಯಿತು. ಅದನ್ನು ಮಾಡಿದ್ದು ಲಿಬರಲ್ ಸರ್ಕಾರ, ಆದರೆ ಅಡಿಪಾಯ 1962ರದ್ದೇ.

ವಿದೇಶದಲ್ಲಿ ಕೆಲಸ ಹುಡುಕುವ ಕನ್ನಡಿಗರಿಗೆ ಇಂದು ಕೆನಡಾದ ಅಂಕ ಲೆಕ್ಕ ಬಾಯಿಪಾಠ. ಎಂಜಿನಿಯರಿಂಗ್ ಪದವಿಗೆ ಇಷ್ಟು, ಅನುಭವಕ್ಕೆ ಇಷ್ಟು, ಇಂಗ್ಲಿಷ್ ಪರೀಕ್ಷೆಗೆ ಇಷ್ಟು ಎಂದು ಕೂಡಿ ನೋಡುತ್ತಾರೆ. ಓದಿಗೆ ಬೆಲೆ, ಊರಿಗಲ್ಲ ಎಂಬ ಈ ತತ್ವ ಸರ್ಕಾರದ ನಿಯಮವಾದದ್ದು ಫೇರ್‌ಕ್ಲಫ್ ಕಾಲದಲ್ಲಿ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನಲ್ಲಿ ಹುಟ್ಟಿದ ಚಂದ್ರ ಆರ್ಯ 2006ರಲ್ಲಿ ಕೆನಡಾಕ್ಕೆ ಹೋಗಿ, 2015ರಲ್ಲಿ ಒಟ್ಟಾವದ ನೆಪಿಯನ್ ಕ್ಷೇತ್ರದಿಂದ ಸಂಸದರಾದರು. 2022ರ ಮೇ ತಿಂಗಳಲ್ಲಿ ಅವರು ಅದೇ ಕೆಳಮನೆಯಲ್ಲಿ ಕನ್ನಡದಲ್ಲಿ ಮಾತಾಡಿದರು.

ಫೇರ್‌ಕ್ಲಫ್ ಅವರ ಖಾತೆಯ ಇನ್ನೊಂದು ಅರ್ಧ ಮೂಲನಿವಾಸಿಗಳ ವ್ಯವಹಾರ. ಕೆನಡಾದ ಮೂಲನಿವಾಸಿಗಳು ಮತ ಹಾಕಬೇಕಾದರೆ, ಕೆಲವು ವಿನಾಯಿತಿ ಬಿಟ್ಟರೆ, ಕಾನೂನು ತಮಗೆ ಕೊಟ್ಟ ಬುಡಕಟ್ಟು ಸ್ಥಾನಮಾನ ಬಿಟ್ಟುಕೊಡಬೇಕಿತ್ತು. ಡೀಫನ್‌ಬೇಕರ್ 1958ರಲ್ಲಿ ಕೈನೈ ಬುಡಕಟ್ಟಿನ ಜೇಮ್ಸ್ ಗ್ಲಾಡ್‌ಸ್ಟನ್ ಅವರನ್ನು ಸೆನೆಟ್‌ಗೆ ನೇಮಿಸಿದರು. ಮೇಲ್ಮನೆಯ ಸದಸ್ಯರಾದಾಗ ಗ್ಲಾಡ್‌ಸ್ಟನ್‌ರ ಸಮುದಾಯದವರಿಗೆ ಮತದಾನದ ಹಕ್ಕೇ ಇರಲಿಲ್ಲ. 1960ರ ಜುಲೈ 1ರಿಂದ ಷರತ್ತಿಲ್ಲದ ಮತದಾನದ ಹಕ್ಕು ಬಂತು. ಆದರೆ ಇದೇ ಇಲಾಖೆಯ ಕೆಳಗೆ ವಸತಿಶಾಲೆಗಳೂ ನಡೆಯುತ್ತಿದ್ದವು. ಮೂಲನಿವಾಸಿ ಮಕ್ಕಳನ್ನು ತಂದೆತಾಯಿಯರಿಂದ ದೂರ ಮಾಡಿ, ಅವರ ಭಾಷೆ, ಆಚಾರಗಳನ್ನು ಬಿಡಿಸುವ ಶಾಲೆಗಳು ಅವು. ಅಲ್ಲಿ ನಡೆದ ಹಿಂಸೆಗೆ ಕೆನಡಾ ಸರ್ಕಾರ 2008ರ ಜೂನ್‌ನಲ್ಲಿ ಸಂಸತ್ತಿನಲ್ಲೇ ಕ್ಷಮೆ ಕೇಳಿತು. ಅವುಗಳನ್ನು ಆರಂಭಿಸಿದವರು ಫೇರ್‌ಕ್ಲಫ್ ಅಲ್ಲ, ನಿಲ್ಲಿಸಿದವರೂ ಅಲ್ಲ. ನಾಲ್ಕು ವರ್ಷ ಆ ಹೊಣೆ ಅವರ ಮೇಜಿನ ಮೇಲಿತ್ತು ಎಂಬುದನ್ನು ಅವರ ಸಾಧನೆಯ ಪಕ್ಕದಲ್ಲೇ ಬರೆದಿಡಬೇಕು.

1962ರ ಜೂನ್ ಚುನಾವಣೆಯಲ್ಲಿ ಡೀಫನ್‌ಬೇಕರ್ ಬಹುಮತ ಕಳೆದುಕೊಂಡರು. ಆಗಸ್ಟ್‌ನಲ್ಲಿ ಫೇರ್‌ಕ್ಲಫ್ ಅಂಚೆ ಸಚಿವೆಯಾದರು. ಕೆನಡಾ ಅಣ್ವಸ್ತ್ರ ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆ ಸಂಪುಟವನ್ನು ಒಡೆಯಿತು, 1963ರ ಫೆಬ್ರವರಿಯಲ್ಲಿ ಸರ್ಕಾರ ಬಿತ್ತು. ಏಪ್ರಿಲ್ 8ರ ಚುನಾವಣೆಯಲ್ಲಿ ಹ್ಯಾಮಿಲ್ಟನ್ ವೆಸ್ಟ್ ಲಿಬರಲ್ ಪಕ್ಷದ ಜೋಸೆಫ್ ಮಕಲೂಸೊ ಪಾಲಾಯಿತು. ಹದಿಮೂರು ವರ್ಷದ ಸಂಸದೀಯ ಬದುಕು ಅಲ್ಲಿಗೆ ಮುಗಿಯಿತು. ಹೊಸ ಲಿಬರಲ್ ಸಂಪುಟದಲ್ಲಿ ಜೂಡಿ ಲಾಮಾರ್ಷ್ ಎರಡನೆಯ ಮಹಿಳಾ ಸಚಿವೆಯಾದರು. ಹೆಣ್ಣೊಬ್ಬಳಿಲ್ಲದೆ ಸಂಪುಟ ರಚಿಸುವುದು ಕೆನಡಾದಲ್ಲಿ ಇನ್ನು ಸುಲಭವಿರಲಿಲ್ಲ.

ಫೇರ್‌ಕ್ಲಫ್ ಹ್ಯಾಮಿಲ್ಟನ್‌ಗೆ ಮರಳಿ ಹಣಕಾಸು ಸಂಸ್ಥೆಯೊಂದರ ಅಧಿಕಾರಿಯಾದರು, ನಗರದ ವಿದ್ಯುತ್ ಮಂಡಳಿಯ ಅಧ್ಯಕ್ಷತೆ ವಹಿಸಿದರು. ಊರಿನ ಪ್ರಾಂತೀಯ ಸರ್ಕಾರಿ ಕಟ್ಟಡಕ್ಕೆ ಅವರ ಹೆಸರಿಟ್ಟರು. 1992ರಲ್ಲಿ ಎರಡನೆಯ ಎಲಿಜಬೆತ್ ರಾಣಿ ಅವರಿಗೆ ರೈಟ್ ಆನರಬಲ್ ಗೌರವ ನೀಡಿದರು. ಪ್ರಧಾನಿ, ಗವರ್ನರ್ ಜನರಲ್, ಮುಖ್ಯ ನ್ಯಾಯಮೂರ್ತಿ ಆಗದವರಿಗೆ ಇದು ಸಿಗುವುದು ತೀರ ಅಪರೂಪ. 1995ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ, ‘ಸ್ಯಾಟರ್‌ಡೇಸ್ ಚೈಲ್ಡ್’ ಎಂಬ ಆತ್ಮಕಥೆ ಪ್ರಕಟಿಸಿದರು. 2004ರ ನವೆಂಬರ್ 13ರಂದು ಹ್ಯಾಮಿಲ್ಟನ್‌ನಲ್ಲೇ ತೀರಿಕೊಂಡರು. ನೂರು ತುಂಬಲು ಎರಡೂವರೆ ತಿಂಗಳು ಬಾಕಿಯಿತ್ತು. ಮರುವರ್ಷ ಕೆನಡಾದ ಅಂಚೆ ಸಂಸ್ಥೆ ಅವರ ನೆನಪಿಗೆ ಅಂಚೆ ಚೀಟಿ ಹೊರತಂದಿತು.